ಜೋಯಿಸರಿಗೆ ನಾನೇ ಫೋನ್ ಮಾಡಲಾ?

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ಹೆರಿಗೆಗೆ ಡಾಕ್ಟರು ಕೊಟ್ಟ ದಿನಕ್ಕೆ ಮೂಲಾ ನಕ್ಷತ್ರ ಬೀಳುತ್ತದೆ ಅಂತ ಜೋಯಿಸರು ಹನ್ನೊಂದು ದಿನ ಮುಂಚಿನ ಪುಷ್ಯ ನಕ್ಷತ್ರ ಬರೆದುಕೊಟ್ಟಿದ್ದಾರಂತೆ. ಅವತ್ತು ಬೆಳಿಗ್ಗೆ ಹತ್ತೂಕಾಲಿಗೆ ಸಿಸೇರಿಯನ್ ಮಾಡಿಸುವುದು ಅಂತ ನಿಮ್ಮತ್ತೆಯವರೂ ಒಪ್ಪಿದ್ದಾರಂತೆ. ನಾನು ನಕ್ಷತ್ರ ನೋಡದವಳಲ್ಲ. ನನ್ನ ಮದುವೆಯನ್ನೇ ಅದಕ್ಕಾಗಿ ಎರಡು ಸಲ ಮುಂದಕ್ಕೆ ಹಾಕಿದ್ದರು. ಆದರೂ ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡಿದವಳು ನಾನು. ಸುಮ್ನೆ ಕೂತಿರಲು ಮನಸ್ಸು ಬರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಆಗ ತಾನೇ ಹುಟ್ಟಿದ ಕೂಸಿನ ರಕ್ತ ಬಂತು. ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಬಿಳಿ ರಕ್ತಕಣ 22,000! ದೊಡ್ಡವರಲ್ಲಿ 4,000ದಿಂದ 11,000 ಇರುತ್ತದೆ. ಮಗುವಿಗೆ ಏನೋ ದೊಡ್ಡ ಸೋಂಕು ಅಂತ ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿದೆ. ಅವರು ನಕ್ಕುಬಿಟ್ಟರು. "ಅದು ಹೆರಿಗೆ ಬೇನೆ ದಾಟಿಕೊಂಡು ಬಂದಿದೆಯಮ್ಮ. ಮೊದಲ ದಿನ 30,000 ಇದ್ದರೂ ಹೆದರಬೇಡ. ಮೂರ್ನಾಲ್ಕು ದಿನ ಬಿಟ್ಟು ಎಣಿಸು" ಅಂದರು. ಎಣಿಸಿದೆ. ಇಳಿದಿತ್ತು.

ಆಮೇಲೆ ಕಣ್ಣಿಟ್ಟು ನೋಡತೊಡಗಿದೆ. ಅಮ್ಮ ಬೇನೆ ತಿಂದು ಹೆತ್ತ ಮಕ್ಕಳಲ್ಲಿ ಈ ಲೆಕ್ಕ ಜಾಸ್ತಿ. ಬೇನೆ ಶುರುವಾಗುವ ಮೊದಲೇ ಆಪರೇಷನ್ ಮಾಡಿ ತೆಗೆದ ಮಕ್ಕಳಲ್ಲಿ ಕಡಿಮೆ. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದ ಸಂಶೋಧಕರೂ ಇದನ್ನೇ ಕಂಡಿದ್ದಾರೆ. ಸೋಂಕಿನ ಮೇಲೆ ಮೊದಲು ಎಗರುವ ನ್ಯೂಟ್ರೋಫಿಲ್ ಕಣಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಯಾಕೆ ಹೀಗೆ? ಮಾಸು ಅಂದರೆ ಹೆರಿಗೆಯಾದ ಮೇಲೆ ಹೂಳುವ ಮಾಂಸದ ಮುದ್ದೆ ಅಂತಷ್ಟೇ ತಿಳಿದಿದ್ದೆವು. ಅದರೊಳಗೆ ಮಗುವಿನ ಕಡೆಯ ಕಾವಲು ಕಣಗಳಿರುತ್ತವೆ, ಹಾಫ್‌ಬೌವರ್ ಕಣ ಅಂತಾರೆ. ಮಾಸು ಗರ್ಭಕೋಶಕ್ಕೆ ಅಂಟಿದ ಜಾಗದಲ್ಲಿ ನಿನ್ನ ಕಡೆಯ ಕಣಗಳು. ಒಂಬತ್ತು ತಿಂಗಳೂ ಇಬ್ಬರೂ ಹೊಸ ಬೀಗರ ಹಾಗೆ ಜಗಳವಿಲ್ಲದೆ, ಮರ್ಯಾದೆಯಿಂದ ಇರುತ್ತಾರೆ. ಬೇನೆಯ ಹೊತ್ತಿಗೆ ಆ ಶಾಂತಿ ಕದಡುತ್ತದೆ. ಗರ್ಭಕೋಶದ ಬಾಯಿಗೆ, ಮಾಸಿನ ಅಂಚಿಗೆ ಬಿಳಿ ಕಣಗಳು ನುಗ್ಗಿ ಬರುತ್ತವೆ. ಐಎಲ್-6ನಂಥ ಸಂದೇಶದ ರಾಸಾಯನಿಕ ಏರುತ್ತದೆ. ಒತ್ತಡಕ್ಕೆ ಮಗುವಿನ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರಿ, ರಕ್ತನಾಳದ ಗೋಡೆಗೆ ಅಂಟಿ ಕೂತಿದ್ದ ನ್ಯೂಟ್ರೋಫಿಲ್‌ಗಳು ಎದ್ದು ಹೊರಡುತ್ತವೆ. ಶ್ವಾಸಕೋಶದ ನೀರು ಒಣಗಲು ಶುರುವಾಗುವುದೂ ಆಗಲೇ.

ಇಲ್ಲಿ ಒಂದು ಮಾತು ಗಮನಿಸು. ಇದು ಮಗು ಯಾವ ದಾರಿಯಲ್ಲಿ ಬಂತು ಅನ್ನುವುದಕ್ಕಿಂತ ಬೇನೆ ಬಂದಿತ್ತಾ ಇಲ್ಲವಾ ಅನ್ನುವುದಕ್ಕೆ ಸೇರಿದ್ದು. ಬೇನೆ ಶುರುವಾಗಿ, ಆಮೇಲೆ ತೊಂದರೆಯಾಗಿ ಸಿಸೇರಿಯನ್ ಆದರೂ ಮಗುವಿಗೆ ಈ ಎಚ್ಚರಿಕೆಯ ಗಂಟೆ ಕೇಳಿಸಿರುತ್ತದೆ. ಪುಷ್ಯ ನಕ್ಷತ್ರದ ಹತ್ತೂಕಾಲಿಗೆ ಅದು ಕೇಳಿಸುವುದಿಲ್ಲ. ಜೊತೆಗೆ ಹನ್ನೊಂದು ದಿನ ಹಿಂದೆ ಹೋದರೆ 38 ವಾರ ಮೂರು ದಿನ ಆಗುತ್ತದೆ. ತೊಂದರೆಯಿಲ್ಲದ ಬಸುರಿಗೆ 39 ವಾರ ತುಂಬುವ ಮುಂಚೆ ದಿನ ಗೊತ್ತು ಮಾಡಿ ಆಪರೇಷನ್ ಮಾಡಬಾರದು ಅಂತ ಡಾಕ್ಟರುಗಳೇ ಹೇಳುತ್ತಾರೆ. ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ ಆಗುತ್ತದೆ ಅಂತ.

ಇನ್ನು ದಾರಿಯ ವಿಷಯ. 2019ರಲ್ಲಿ ಬ್ರಿಟನ್ನಿನಲ್ಲಿ 596 ಮಕ್ಕಳ ಮಲ ಪರೀಕ್ಷಿಸಿ ನೋಡಿದರು. ಸಹಜ ಹೆರಿಗೆಯ ಮಕ್ಕಳ ಕರುಳಿನಲ್ಲಿ ಅಮ್ಮನಿಂದ ಬಂದ ಬ್ಯಾಕ್ಟೀರಿಯಾ ಜಾಸ್ತಿ. ಸಿಸೇರಿಯನ್ ಮಕ್ಕಳಲ್ಲಿ ಆಸ್ಪತ್ರೆಯಲ್ಲಿ ಸಿಗುವ ಜಾತಿಯವು ಜಾಸ್ತಿ. ತಿಂಗಳುಗಳು ಕಳೆದಂತೆ ಈ ವ್ಯತ್ಯಾಸ ಬಹುಪಾಲು ಕರಗುತ್ತದೆ. ಆಸ್ತಮಾದ ಮಾತೂ ನಿನ್ನ ಕಿವಿಗೆ ಬಿದ್ದಿರಬಹುದು. ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಸಿಸೇರಿಯನ್ ಮಕ್ಕಳಲ್ಲಿ ಅದು ಸುಮಾರು 20% ಜಾಸ್ತಿ ಬಂದಿದೆ. ಅಂದರೆ ನೂರಕ್ಕೆ ಹತ್ತು ಮಕ್ಕಳಿಗೆ ಬರುವ ಕಡೆ ಹನ್ನೆರಡು. ಅದಕ್ಕೆಲ್ಲ ಸಿಸೇರಿಯನ್ನೇ ಕಾರಣ ಅಂತ ಸಾಬೀತಾಗಿಲ್ಲ. ನಮ್ಮ ರಾಜ್ಯದಲ್ಲೇ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 31.5% ಹೆರಿಗೆ ಸಿಸೇರಿಯನ್. ಆ ಮಕ್ಕಳೆಲ್ಲ ಆಡಿಕೊಂಡು, ಜಗಳವಾಡಿಕೊಂಡು ಬೆಳೆಯುತ್ತಿವೆ ಅಲ್ವಾ?

ಹಾಗಾಗಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದೆ, ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಡಾಕ್ಟರು ಆಪರೇಷನ್ ಅಂದರೆ ಒಂದು ಕ್ಷಣವೂ ಯೋಚಿಸಬೇಡ. ಸಹಿ ಹಾಕು. "ನಾನು ಸರಿಯಾಗಿ ಹೆರಲಿಲ್ಲ" ಅಂತ ಆಮೇಲೆ ಅಳಬೇಡ. ಸೋಂಕನ್ನು ಎದುರಿಸುವ, ನಿನ್ನ ಮೈಯ ಐಜಿಜಿ ಅನ್ನುವ ಪ್ರತಿಕಾಯಗಳು ಕೊನೆಯ ಮೂರು ತಿಂಗಳಲ್ಲಿ ಮಾಸಿನ ಮೂಲಕ ಮಗುವಿಗೆ ಹೋಗುತ್ತಲೇ ಇವೆ. ದಿನ ತುಂಬುವ ಹೊತ್ತಿಗೆ ನಿನಗಿಂತ ಮಗುವಿನಲ್ಲೇ ಜಾಸ್ತಿ ಇರಬಹುದು. ಅದನ್ನು ಯಾವ ಕತ್ತರಿಯೂ ಕಿತ್ತುಕೊಳ್ಳುವುದಿಲ್ಲ.

ಹೇಗೇ ಹೆತ್ತರೂ ಮೊದಲ ಹಾಲು ಮಾತ್ರ ಬಿಡಬೇಡ. ಹಳದಿ, ಗಟ್ಟಿ ಹಾಲು. ಅದರಲ್ಲಿ ಐಜಿಎ ಅನ್ನುವ ಪ್ರತಿಕಾಯವಿದೆ, ಜೀವಂತ ಬಿಳಿ ಕಣಗಳೂ ಇವೆ. ನಮ್ಮ ಕಾಲದಲ್ಲಿ ಅದನ್ನು ಹಿಂಡಿ ಚೆಲ್ಲಿಸುತ್ತಿದ್ದರು. ನಿಮ್ಮಮ್ಮ ಹುಟ್ಟಿದಾಗ ಕತ್ತೆ ಹಾಲು ಹುಡುಕಿಕೊಂಡು ಹೋಗಿದ್ದರು ನಮ್ಮಪ್ಪ. ಯಾರಾದರೂ ಬೆರಳಲ್ಲಿ ಜೇನು ನೆಕ್ಕಿಸಲು ಬಂದರೆ ನನ್ನ ಹೆಸರು ಹೇಳು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಬಳ್ಳಿ ಕತ್ತರಿಸುವ ಮುನ್ನ ಒಂದು ನಿಮಿಷವಾದರೂ ಕಾಯುತ್ತೀರಾ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೋ. ನಾನು ಮುಂದಿನ ವಾರ ಬಂದುಬಿಡುತ್ತೇನೆ. ಬಾಣಂತನಕ್ಕೆ ಅಂಟಿನುಂಡೆ ಅಲ್ಲೇ ಕಟ್ಟೋಣ, ಬೆಲ್ಲ ಮಾತ್ರ ತರಿಸಿಡು.

ಜೋಯಿಸರ ನಂಬರು ಕಳಿಸು. ಮೂಲಾ ನಕ್ಷತ್ರಕ್ಕೆ ಶಾಂತಿ ಮಾಡಿಸುವ ಖರ್ಚು ನನ್ನದು ಅಂತ ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ