ಹೊಗೆಗೂಡು ಇಲ್ಲದ ಮನೆಯ ಕ್ರಿಸ್ಮಸ್ ಹಾಡು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯ ಕ್ರಿಸ್ಮಸ್ ಸಂಗೀತದ ಲೇಖನದಲ್ಲಿ, ಆಫ್ರಿಕನ್ ಅಮೆರಿಕನ್ನರ ಸಂಗೀತಶೈಲಿಯಾದ ಸೋಲ್‌ನ ಗಾಯಕಿ ಶರೋನ್ ಜೋನ್ಸ್ ಮತ್ತು ಡ್ಯಾಪ್-ಕಿಂಗ್ಸ್ ತಂಡದ 'ಇಟ್ಸ್ ಎ ಹಾಲಿಡೇ ಸೋಲ್ ಪಾರ್ಟಿ' ಆಲ್ಬಮ್ಮಿನ ಹೆಸರು ಕಂಡು ಸಂತೋಷವಾಯಿತು. ಆದರೆ ಅದರ 'ಏಂಟ್ ನೋ ಚಿಮ್ನೀಸ್ ಇನ್ ದ ಪ್ರಾಜೆಕ್ಟ್ಸ್' ಹಾಡಿಗೆ 'ಯೋಜನೆಗಳಲ್ಲಿ ಚಿಮಣಿ ಇಲ್ಲ' ಎಂಬ ಅನುವಾದ ಕೊಟ್ಟಿದ್ದೀರಿ. ಎರಡೂ ಪದ ದಾರಿ ತಪ್ಪಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ. ಅಮೆರಿಕದ 'ಪ್ರಾಜೆಕ್ಟ್ಸ್' ಎಂದರೆ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿ, ನಮ್ಮ ಸ್ಲಂ ಬೋರ್ಡ್ ಕ್ವಾರ್ಟರ್ಸ್ ಇದ್ದ ಹಾಗೆ. ನ್ಯೂಯಾರ್ಕಿನ ಇಂಥ ಕಟ್ಟಡಗಳಲ್ಲಿ ಮನೆಮನೆಗೂ ಅಗ್ಗಿಷ್ಟಿಕೆ ಇರುವುದಿಲ್ಲ. ಒಂದೇ ಬಾಯ್ಲರಿನ ಬಿಸಿ ಕೊಳವೆಗಳಲ್ಲಿ ಎಲ್ಲ ಮನೆಗಳಿಗೂ ಹೋಗುತ್ತದೆ. ಅಗ್ಗಿಷ್ಟಿಕೆ ಇಲ್ಲದ ಮೇಲೆ ಹೊಗೆಗೂಡೂ ಇಲ್ಲ. ಹಾಗಾದರೆ ಹೊಗೆಗೂಡಿನಿಂದ ಇಳಿದು ಬರುವ ಸಾಂತಾ ಉಡುಗೊರೆ ಹಿಡಿದು ಒಳಗೆ ಬಂದದ್ದು ಹೇಗೆ ಎಂದು ಮಗು ತಾಯಿಯನ್ನು ಕೇಳುತ್ತದೆ. ಅವನ್ನೆಲ್ಲ ತಂದಿಟ್ಟವಳು ಅಮ್ಮನೇ ಎಂಬುದು ಆ ಮಗುವಿಗೆ ಹೊಳೆಯುವುದು ದೊಡ್ಡವಳಾದ ಮೇಲೆ. ಇಡೀ ಆಲ್ಬಮ್ಮಿನ ಕೀಲಿ ಈ ಹಾಡಿನಲ್ಲಿದೆ.

ಶರೋನ್ ಜೋನ್ಸ್ ಹುಟ್ಟಿದ್ದು 1956ರಲ್ಲಿ, ಜಾರ್ಜಿಯಾದ ಆಗಸ್ಟಾದಲ್ಲಿ. ಹಾಡಿನಿಂದ ಹೊಟ್ಟೆ ಹೊರೆಯಲಾಗದ ವರ್ಷಗಳಲ್ಲಿ ಆಕೆ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಾವಲು ಕೆಲಸ ಮಾಡಿದವರು. 2013ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಈ ಆಲ್ಬಂ ಬಂದದ್ದು 2015ರ ಅಕ್ಟೋಬರ್ ಕೊನೆಗೆ. ಮರುವರ್ಷ ನವೆಂಬರ್ 18ರಂದು ಆಕೆ ತೀರಿಕೊಂಡರು. ಇದರಲ್ಲಿರುವುದು ಹನ್ನೊಂದು ಹಾಡು, ಅದರಲ್ಲಿ ಒಂದು ಯಹೂದಿಗಳ ಹನುಕ್ಕಾ ಹಬ್ಬದ್ದು.

'ಸೋಲ್ ಎಂದರೆ ಕ್ಯಾರಲ್‌ಗಳನ್ನೇ ಎತ್ತರದ ದನಿಯಲ್ಲಿ ಹಾಡುವುದು' ಎಂಬ ಲೇಖನದ ಮಾತನ್ನು ಒಪ್ಪಲಾಗದು. ವ್ಯತ್ಯಾಸ ಇರುವುದು ಕಾಲದ ಲೆಕ್ಕದಲ್ಲಿ. ಈ ಆಲ್ಬಮ್ಮಿನ 'ಸೈಲೆಂಟ್ ನೈಟ್' ಕೇಳಿ. 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಹುಟ್ಟಿದ ಜೋಗುಳದಂಥ ಹಾಡು ಇಲ್ಲಿ ನಿಧಾನದ ಬ್ಲೂಸ್ ಆಗಿದೆ. ಸಂಗೀತ ಬಲ್ಲ ನಮ್ಮವರಿಗೆ ಇದರ ಗಣಿತ ಕಷ್ಟವಲ್ಲ: ನಾಲ್ಕು ಎಣಿಕೆ, ಪ್ರತಿ ಎಣಿಕೆಯೂ ತಿಶ್ರ ನಡೆ, ಅಂದರೆ ತಕಿಟ ನಾಲ್ಕು ಸಲ. 'ಸೈಲೆಂಟ್ ನೈಟ್, ಹೋಲಿ ನೈಟ್' ಎಂಬ ಸಾಲಿನಲ್ಲಿ ಒಂದನೆಯ ಎಣಿಕೆ 'ಸೈ' ಮೇಲೆ, ಎರಡನೆಯದು 'ನೈಟ್' ಮೇಲೆ, ಮೂರನೆಯದು 'ಹೋ' ಮೇಲೆ, ನಾಲ್ಕನೆಯದು ಮತ್ತೆ 'ನೈಟ್' ಮೇಲೆ. ಸ್ನೇರ್ ಡ್ರಮ್ಮಿನ ಪೆಟ್ಟು ಎರಡು ಮತ್ತು ನಾಲ್ಕಕ್ಕೆ, ಅಂದರೆ ಎರಡೂ 'ನೈಟ್'ಗಳಿಗೆ. ನಮ್ಮ ಚರ್ಚ್ ಬ್ಯಾಂಡ್‌ಗಳು ಎಡವುವುದು ಇಲ್ಲೇ. ಪೆಟ್ಟು ಒಂದು ಮತ್ತು ಮೂರಕ್ಕೆ ಬಿದ್ದರೆ ಅದು ಮಾರ್ಚ್ ಆಗುತ್ತದೆ. ವೇಗ ನಿಮಿಷಕ್ಕೆ 60 ಎಣಿಕೆಯ ಆಸುಪಾಸು ಇರಲಿ. 90 ದಾಟಿದರೆ ಮೂರೆಣಿಕೆಯ ಕುಣಿತವಾದ ವಾಲ್ಟ್ಜ್ ಆಗಿ, ಸ್ವರವನ್ನು ಎಳೆದು ಬಳುಕಿಸಲು ಗಾಯಕಿಗೆ ಜಾಗವೇ ಸಿಗುವುದಿಲ್ಲ. ಬಳುಕಿಗೂ ಮಿತಿ ಬೇಕು. ಮೊದಲ ಚರಣವನ್ನು ಸಾದಾ ಹಾಡಿದರೆ ಮಾತ್ರ ಮುಂದಿನದರ ಅಲಂಕಾರ ಕಿವಿಗೆ ತಿಳಿಯುತ್ತದೆ.

ಶ್ರುತಿಯ ಆಯ್ಕೆಯೂ ಮುಖ್ಯ. ಈ ಹಾಡು ಷಡ್ಜದಿಂದ ಮೇಲಿನ ಸ್ಥಾಯಿಯ ಮಧ್ಯಮದವರೆಗೆ ಹೋಗುತ್ತದೆ, ಹದಿನೇಳು ಅರೆಸ್ವರಗಳ ಹರವು. ಗಿಟಾರ್‌ಗೆ ಸುಲಭವೆಂದು 'ಇ' ಶ್ರುತಿ ಹಿಡಿದರೆ, ಊದುವಾದ್ಯಗಳಿಗೆ ಸ್ವರ ಬೇರೆ ಎತ್ತರದಲ್ಲಿ ಬರೆಯುವುದರಿಂದ, ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ನುಡಿಸುವವರು ಆರು ಶಾರ್ಪ್ (ಅರೆಸ್ವರ ಏರಿಸುವ ಗುರುತು), ಬ್ಯಾರಿಟೋನ್ ಸ್ಯಾಕ್ಸ್‌ನವರು ಏಳು ಶಾರ್ಪ್ ಓದಬೇಕಾಗುತ್ತದೆ. ಡ್ಯಾಪ್-ಕಿಂಗ್ಸ್ ತಂಡದ ಊದುವಾದ್ಯಗಳು ಇವೇ ಮೂರು. 'ಬಿ ಫ್ಲಾಟ್' ಹಿಡಿದರೆ ಮೊದಲ ಇಬ್ಬರಿಗೆ ಒಂದೂ ಶಾರ್ಪ್ ಇಲ್ಲ, ಬ್ಯಾರಿಟೋನಿಗೆ ಒಂದೇ. ಸಾಕಷ್ಟು ಹೆಂಗಸರ ದನಿಗೂ ಅದು ಒಗ್ಗುತ್ತದೆ.

ಇನ್ನು ಚಳಿ. ಊದುವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ನೂರು ಸೆಂಟ್ ಸೇರಿದರೆ ಒಂದು ಅರೆಸ್ವರ. ಉಸಿರಿನ ಬಿಸಿ ಇದನ್ನು ಸ್ವಲ್ಪ ತಡೆದರೂ ಪೂರ್ತಿ ಅಲ್ಲ. ಬೆಂಗಳೂರಿನ ಡಿಸೆಂಬರ್ ನಡುರಾತ್ರಿಯ ಬಲಿಪೂಜೆಯಲ್ಲಿ ಟ್ರಂಪೆಟ್ ಇಳಿಯುತ್ತದೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಕದಲುವುದಿಲ್ಲ. ಎರಡೂ ಕೂಡಿದಾಗ ಹಾಡು ಹುಳಿಯಾಗಿ ಕೇಳುತ್ತದೆ. ಹಾಡಿಗೆ ಮುಂಚೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಊದಿ ವಾದ್ಯ ಬೆಚ್ಚಗಾಗಿಸಿ, ಆಮೇಲೆ ಶ್ರುತಿ ಸೇರಿಸಬೇಕು. ಸುಮ್ಮನೆ ಕೂತ ಚರಣಗಳಲ್ಲೂ ವಾದ್ಯದೊಳಗೆ ಸದ್ದಿಲ್ಲದೆ ಬಿಸಿ ಉಸಿರು ಬಿಡುತ್ತಿರಬೇಕು.

ಗೆಜ್ಜೆಯ ಸದ್ದು ಇಲ್ಲದೆ ಕ್ರಿಸ್ಮಸ್ ಹಾಡಾಗದು ಎಂಬ ನಂಬಿಕೆ ಇದೆ. ಆದರೆ ಗೆಜ್ಜೆ, ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ), ಗಾಯಕಿಯ 'ಸ'ಕಾರ ಮೂರೂ ಕಿವಿಯ ಒಂದೇ ಮೇಲ್ಪಟ್ಟಿಯಲ್ಲಿ ಗುದ್ದಾಡುತ್ತವೆ, ಸಾಹಿತ್ಯ ಮಸುಕಾಗುತ್ತದೆ. ಗೆಜ್ಜೆ ಬರುವ ಕಡೆ ಹೈ-ಹ್ಯಾಟ್ ನಿಲ್ಲಿಸಿ. ಗೆಜ್ಜೆಯವರು ಹಾಡಿನ ಮೈಕಿನಿಂದ ಆರೇಳು ಅಡಿ ದೂರ ನಿಲ್ಲಲಿ.

ಧ್ವನಿಮುದ್ರಣದ ವಿಷಯದಲ್ಲಿ, ಈ ಆಲ್ಬಂ ಹೊರತಂದ ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ಸ್ಟುಡಿಯೊದ ಪದ್ಧತಿಯಿಂದ ಕಲಿಯುವುದು ಬಹಳವಿದೆ. ಅದರ ಸ್ಥಾಪಕರಲ್ಲೊಬ್ಬರಾದ ಗೇಬ್ರಿಯಲ್ ರಾತ್ ನೆಚ್ಚಿಕೊಂಡದ್ದು ಎಂಟು ಟ್ರ್ಯಾಕ್‌ಗಳ ಟೇಪ್ ಯಂತ್ರವನ್ನು. ಎಂಟೇ ಟ್ರ್ಯಾಕ್ ಇರುವಾಗ ಪ್ರತಿ ವಾದ್ಯಕ್ಕೂ ಒಂದೊಂದು ಕೊಡಲಾಗದು. ಊದುವಾದ್ಯಗಳೆಲ್ಲ ಒಂದೇ ಟ್ರ್ಯಾಕಿನಲ್ಲಿ ಕೂರಬೇಕಾಗುತ್ತದೆ, ಆಮೇಲೆ ಟ್ರಂಪೆಟ್ ಒಂದನ್ನೇ ತಗ್ಗಿಸುವಂತಿಲ್ಲ. ಆದ್ದರಿಂದ ಸಮತೋಲ ನಿರ್ಧಾರವಾಗುವುದು ಮೈಕಿನಿಂದ ಯಾರು ಎಷ್ಟು ದೂರ ನಿಂತಿದ್ದಾರೆ ಎಂಬುದರ ಮೇಲೆ. ನಮ್ಮಲ್ಲಿ ಕಂಪ್ಯೂಟರಿನಲ್ಲಿ ನಲವತ್ತು ಟ್ರ್ಯಾಕ್ ತುಂಬಿ, ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆದು ರೆಕಾರ್ಡ್ ಮಾಡಿದ ಕ್ರಿಸ್ಮಸ್ ಹಾಡುಗಳು ತಣ್ಣಗಿರಲು ಇದೇ ಕಾರಣ: ಡ್ರಮ್ಮರ್ ತುಸು ಹಿಂದೆಳೆದರೆ ಜೊತೆಗೆ ಹಿಂದೆಳೆಯಲು ಕೋಣೆಯಲ್ಲಿ ಯಾರೂ ಇರುವುದಿಲ್ಲ. ಲಯದ ನಾಲ್ವರನ್ನಾದರೂ, ಅಂದರೆ ಡ್ರಮ್, ಬೇಸ್, ಗಿಟಾರ್, ಕೀಬೋರ್ಡ್‌ನವರನ್ನು, ಒಟ್ಟಿಗೆ ಕೂರಿಸಿ.

ನವೆಂಬರಿನಲ್ಲಿ ಅಭ್ಯಾಸ ಶುರುಮಾಡುವ ಗಾಯನ ತಂಡಗಳು ಮೊದಲ ವಾರ ವಾದ್ಯ ಮುಟ್ಟದೆ, ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ತಟ್ಟುತ್ತ ಹಾಡಲಿ. ಚಪ್ಪಾಳೆ ತಾನಾಗಿ ಓಡಲು ತೊಡಗಿದರೆ ಡ್ರಮ್ ತರುವುದನ್ನು ಇನ್ನೊಂದು ವಾರ ಮುಂದೂಡಬೇಕು.

— ಓದುಗರು, ಬೆಂಗಳೂರು