ನಿನ್ನ ತಮ್ಮ ಮೊದಲು ಫೈಲಿಂಗ್ ಕಲಿಯಲಿ

ಪ್ರಿಯ ಮಂಜು,

ನಿನ್ನ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಸೇರುವ ಮನಸ್ಸು ಮಾಡಿದ್ದಾನೆ ಅಂತ ಓದಿ ತುಂಬಾ ಖುಷಿಯಾಯಿತು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ಕೋರ್ಸ್ ತಗೊಂಡರೆ ಮೂರು ವರ್ಷ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಎಲ್ಲಾ ಕಡೆ ಕಂಪ್ಯೂಟರ್ ನಡೆಸುವ ಮಷಿನ್, ಅಂದರೆ ಸಿಎನ್‌ಸಿ ಬಂದಿರುವಾಗ ಹುಡುಗರ ಕೈಲಿ ಅರದಿಂದ ಕಬ್ಬಿಣ ಉಜ್ಜಿಸುವುದು, ಅಂದರೆ ಫೈಲಿಂಗ್, ಯಾಕೆ ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಪತ್ರ.

ಒಂದು ಎಂ.ಎಸ್. (ಮೆದು ಉಕ್ಕು) ತುಂಡನ್ನು ವೈಸ್‌ಗೆ ಕಚ್ಚಿಸಿ ಫೈಲಿಂಗ್ ಮಾಡಬೇಕು. ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಪಟ್ಟಿ) ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಭುಜ ನೋಯುತ್ತದೆ, ನಿಜ. ಆದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಎಷ್ಟು ಸಣ್ಣದು ಅಂತ ಕೈಗೆ ತಿಳಿಯುವುದು ಅಲ್ಲೇ.

ಆಮೇಲೆ ಲೇತ್, ಲೋಹವನ್ನು ತಿರುಗಿಸುತ್ತಾ ಟೂಲ್ ಹಿಡಿದು ಕೊರೆಯುವ ಮಷಿನ್. 20 ಮಿ.ಮೀ. ರಾಡ್, ಹೈಸ್ಪೀಡ್ ಸ್ಟೀಲ್ ಟೂಲ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರ್ ಅಂದರೆ ರಾಡ್ ತಿರುಗಿಸುವ ಸ್ಪಿಂಡಲ್ ಸುಮಾರು 480 ಆರ್‌ಪಿಎಂನಲ್ಲಿ ತಿರುಗಬೇಕು. ಈ ಲೆಕ್ಕ ಪುಸ್ತಕದಲ್ಲೇ ಇದೆ. ಟೂಲ್ ಮೊಂಡಾದಾಗ ಸದ್ದು ಬದಲಾಗುವುದನ್ನು ಮಾತ್ರ ಮಷಿನ್ ಪಕ್ಕ ನಿಂತೇ ಕಲಿಯಬೇಕು.

ಸಿಎನ್‌ಸಿ ನಾವು ಬರೆದಷ್ಟನ್ನೇ ಮಾಡುತ್ತದೆ. ಜಿ00 ಅಂದರೆ ಪೂರ್ತಿ ವೇಗದಲ್ಲಿ, ನಮ್ಮ ಮಾತಲ್ಲಿ ರ‍್ಯಾಪಿಡ್‌ನಲ್ಲಿ ಹೋಗು, ಜಿ01 ಅಂದರೆ ನಾವು ಕೊಟ್ಟ ವೇಗದಲ್ಲಿ, ಅಂದರೆ ಫೀಡ್‌ನಲ್ಲಿ ನೇರ ಸಾಗು. ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ ಎಕ್ಸ್ ದಿಕ್ಕಿನ ಅಳತೆಗೆ ಎಕ್ಸ್50 ಬರೆದು ಕೊನೆಯ ದಶಮಾಂಶ ಚುಕ್ಕಿ ಬಿಟ್ಟು ನೋಡು. ಎಷ್ಟೋ ಮಷಿನ್‌ಗಳ ಸೆಟ್ಟಿಂಗ್‌ನಲ್ಲಿ ಅದು 50 ಮಿ.ಮೀ. ಆಗುವುದಿಲ್ಲ, 50 ಮೈಕ್ರಾನ್ ಆಗುತ್ತದೆ! ಒಂದು ಚುಕ್ಕಿಗೆ ಸಾವಿರ ಪಟ್ಟು ವ್ಯತ್ಯಾಸ. ಅದಕ್ಕೇ ಹೊಸ ಪ್ರೋಗ್ರಾಮ್ ಹಾಕಿದಾಗ ಸಿಂಗಲ್ ಬ್ಲಾಕ್ (ಒಂದೊಂದು ಸಾಲಿಗೂ ನಿಲ್ಲಿಸುವ ಸ್ವಿಚ್) ಆನ್ ಮಾಡಿ, ರ‍್ಯಾಪಿಡ್ ಇಳಿಸಿ, ಫೀಡ್ ಹೋಲ್ಡ್ (ಟೂಲ್ ಚಲನೆ ನಿಲ್ಲಿಸುವ ಬಟನ್) ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓಡಿಸುತ್ತೇವೆ. ಟೂಲ್ ಜಾಬ್ (ಕೊರೆಯಬೇಕಾದ ತುಂಡು) ಹತ್ತಿರ ಬರುವಾಗ ಸ್ಕ್ರೀನ್ ಇನ್ನೂ ಎಷ್ಟು ದೂರ ಇದೆ ಅಂತ ತೋರಿಸುತ್ತದೆ. ಕಣ್ಣಳತೆಗೆ ಅದು ತಾಳೆಯಾಗದಿದ್ದರೆ ತಕ್ಷಣ ನಿಲ್ಲಿಸಬೇಕು. ಆ ಕಣ್ಣಳತೆ ಎಲ್ಲಿಂದ ಬರಬೇಕು ಹೇಳು? ವೈಸ್ ಮುಂದೆ, ಲೇತ್ ಮುಂದೆ ನಿಂತು ಬಂದದ್ದೇ ಅಲ್ವಾ? ನನ್ನ ಜೊತೆಯವರಲ್ಲಿ ಫೈಲಿಂಗ್ ಮನಸ್ಸಿಟ್ಟು ಮಾಡಿದವರೇ ಇವತ್ತು ಮಷಿನ್ ಸೆಟ್ಟಿಂಗ್‌ನಲ್ಲಿ ಮುಂದಿದ್ದಾರೆ.

ಕನ್ನಡ ಮೀಡಿಯಂ ಅಂತ ಅವನು ಸುಮ್ನೆ ಹೆದರುವುದು ಬೇಡ. ಡ್ರಾಯಿಂಗ್ ಓದುವುದು ಬಂದರೆ ಅರ್ಧ ಕೆಲಸ ಆದಂತೆ. ಬೇಕಾಗುವ ಇಂಗ್ಲಿಷ್ ಕೆಲಸದ ಜೊತೆಗೇ ಬರುತ್ತದೆ. ತ್ರಿಕೋನಮಿತಿ ಮಾತ್ರ ಈ ರಜೆಯಲ್ಲೇ ಗಟ್ಟಿ ಮಾಡಿಕೊಳ್ಳಲಿ, ರಾಡನ್ನು ಕೋನ ಕೊಟ್ಟು ಮೊನಚಾಗಿಸುವ ಟೇಪರ್ ಟರ್ನಿಂಗ್‌ಗೆ ಅದು ಬೇಕೇ ಬೇಕು.

ಇನ್ನೊಂದು ಮಾತು. ಜಾಬ್ ಹಿಡಿಯುವ ಚಕ್ ಅನ್ನು ಬಿಗಿ ಮಾಡುವ ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಲೇತ್ ಆನ್ ಮಾಡಬಾರದು, ತಿರುಗುವ ಜಾಬ್ ಹತ್ತಿರ ಕೈಗವಸು ಹಾಕಬಾರದು. ಇದನ್ನು ನೀನೇ ಅವನಿಗೆ ಈಗಲೇ ಹೇಳಿಬಿಡು. ಬೆಂಗಳೂರಿಗೆ ಬರುವ ದಿನ ಫೋನ್ ಮಾಡಲಿ, ಮೆಜೆಸ್ಟಿಕ್‌ಗೆ ನಾನೇ ಬರುತ್ತೇನೆ.

ನಿನ್ನ ಗೆಳೆಯ