ಉಪ್ಪು ಎಲ್ಲಿಗೆ ಹೋಯಿತು ಅಂತ ಕೇಳು, ಪುಟ್ಟಿ

ಹ್ಯೂಸ್ಟನ್,
ಫೆಬ್ರವರಿ

ಪ್ರೀತಿಯ ಅಮ್ಮ, ಅಪ್ಪ, ಪುಟ್ಟಿ,

ನಾನು ಇಲ್ಲಿ ಆರಾಮಾಗಿದ್ದೇನೆ. ಚಳಿ ಬಿಡುತ್ತಾ ಬಂತು. ಹಗಲು ಹೊತ್ತು ಸ್ವೆಟರ್ ಬೇಕಾಗುವುದಿಲ್ಲ. ಅಪ್ಪ, ನಿಮ್ಮ ಬಿಪಿ ಈ ಸಲ ಎಷ್ಟಿತ್ತು ಅಂತ ಅಮ್ಮ ಹೇಳಲೇ ಇಲ್ಲ. ಪಿಎಚ್‌ಸಿಗೆ ಹೋಗಿದ್ದಿರಿ ತಾನೆ?

ಈ ಪತ್ರ ಜಾಸ್ತಿ ಪುಟ್ಟಿಗೇ. ಆದರೆ ಎಲ್ಲರೂ ಓದಿ. ಅಮ್ಮನ ಕೆಲಸದ ಮಾತು ಇದೆ, ಅಪ್ಪನ ಮಾತ್ರೆಯ ಮಾತೂ ಇದೆ.

ಪುಟ್ಟಿ, ಹೋದ ವಾರ ಹಾಸ್ಟೆಲಿನಿಂದ ಫೋನ್ ಮಾಡಿ ಅತ್ತೆಯಲ್ಲ, ಆಮೇಲೆ ನನಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅನಾಟಮಿ ಹೆಸರುಗಳು ತಲೆಗೆ ಹತ್ತುತ್ತಿಲ್ಲ, ಫಿಸಿಯಾಲಜಿ ರಾತ್ರಿ ಉರು ಹೊಡೆದರೆ ಬೆಳಿಗ್ಗೆ ಖಾಲಿ, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಆಗಿದ್ದರಿಂದ ಕ್ಲಾಸಿನಲ್ಲಿ ಎದ್ದು ಕೇಳುವುದಕ್ಕೂ ಹೆದರಿಕೆ ಅಂದೆ. ಬಿಎಸ್ಸಿ ನರ್ಸಿಂಗ್ ನನ್ನ ಕೈಲಿ ಆಗುವ ಮಾತಲ್ಲ ಅಂತಲೂ ಅಂದೆ. ಆಗುತ್ತದೆ. ಹೇಗೆ ಅಂತ ಫೋನಿನಲ್ಲಿ ಹೇಳಲು ಬರಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಇಲ್ಲಿ ನನ್ನ ಓದಿನ ಜೊತೆಗೆ ಮೊದಲ ವರ್ಷದವರಿಗೆ ಬಯಾಲಜಿ ಲ್ಯಾಬ್ ಹೇಳಿಕೊಡುವುದು ನಿಮಗೆ ಗೊತ್ತು. ಅಮೆರಿಕದಲ್ಲಿ ನರ್ಸಿಂಗ್ ಸೀಟು ಪಿಯುಸಿ ಮುಗಿದ ಕೂಡಲೇ ಸಿಗುವುದು ಕಡಿಮೆ. ಬಹಳ ಕಡೆ ಮೊದಲು ಅನಾಟಮಿ-ಫಿಸಿಯಾಲಜಿ, ಮೈಕ್ರೋಬಯಾಲಜಿ ಎಲ್ಲ ಓದಿ ಒಳ್ಳೆಯ ಗ್ರೇಡ್ ತೆಗೆಯಬೇಕು. ಆಮೇಲೆ ನರ್ಸಿಂಗ್‌ಗೆ ಅರ್ಜಿ. ಅದು ಮುಗಿದ ಮೇಲೆ ಎನ್‌ಕ್ಲೆಕ್ಸ್ ಅನ್ನುವ ಪರೀಕ್ಷೆ ಪಾಸಾದರೆ ಮಾತ್ರ ಲೈಸೆನ್ಸ್. ಹಾಗಾಗಿ ನನ್ನ ಲ್ಯಾಬಿನಲ್ಲಿ ಒಂದೇ ಬೆಂಚಿನಲ್ಲಿ ಸೈನ್ಸ್ ಡಿಗ್ರಿ ಮಾಡುವ ಹದಿನೆಂಟರ ಹುಡುಗರೂ ಇರುತ್ತಾರೆ, ನರ್ಸ್ ಆಗಬೇಕು ಅಂತ ಬಂದ ಎರಡು ಮಕ್ಕಳ ತಾಯಿಯೂ ಇರುತ್ತಾಳೆ. ಆಕೆ ರಾತ್ರಿಯೆಲ್ಲ ವೃದ್ಧಾಶ್ರಮದಲ್ಲಿ ಕೆಲಸ ಮಾಡಿ ಬೆಳಿಗ್ಗೆ ನೇರ ಲ್ಯಾಬಿಗೆ ಬರುತ್ತಾಳೆ.

ನರ್ಸಿಂಗ್‌ನವರ ಬಯಾಲಜಿ ಅಂದರೆ ಹಗುರ ಬಯಾಲಜಿ ಅಂತ ಇಲ್ಲೂ ಕೆಲವರು ಮಾತಾಡುತ್ತಾರೆ. ನನಗೆ ಅದು ಕೇಳಿದರೆ ಸಿಟ್ಟು ಬರುತ್ತದೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗುತ್ತಾರೆ. ಆಮೇಲೆ ಇಡೀ ಶಿಫ್ಟ್ ರೋಗಿಯ ಪಕ್ಕದಲ್ಲಿ ಇರುವವಳು ನರ್ಸ್. ಮೂತ್ರ ಕಡಿಮೆಯಾಯಿತು, ಕಾಲು ಊದಿತು, ಮಾತು ತೊದಲಿತು ಅಂತ ಮೊದಲು ಕಾಣುವುದು ಅವಳಿಗೆ. ಕಂಡದ್ದರ ಕಾರಣ ಗೊತ್ತಿಲ್ಲದಿದ್ದರೆ ಅದು ಕಂಡೂ ಕಾಣದ ಹಾಗೆ. ಅವಳಿಗೆ ಬಯಾಲಜಿ ಯಾರಿಗಿಂತಲೂ ಕಡಿಮೆ ಬೇಕಾಗಿಲ್ಲ.

ಈ ವಾರ ಲ್ಯಾಬಿನಲ್ಲಿ ಮಾಡಿಸಿದ್ದು ಹೇಳುತ್ತೇನೆ. ಮೂರು ಟೆಸ್ಟ್ ಟ್ಯೂಬ್. ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಎರಡನೆಯದರಲ್ಲಿ 0.9% ಉಪ್ಪುನೀರು, ಮೂರನೆಯದರಲ್ಲಿ 10% ಉಪ್ಪುನೀರು. ಮೂರಕ್ಕೂ ಕುರಿಯ ರಕ್ತ ನಾಲ್ಕು ನಾಲ್ಕು ಹನಿ. ಹಿಂದೆ ಅಚ್ಚಾದ ಒಂದು ಹಾಳೆ ಹಿಡಿದು ನೋಡಬೇಕು. ಉಪ್ಪು ಇರುವ ಎರಡು ಟ್ಯೂಬೂ ಮಬ್ಬು, ಅವುಗಳ ಮೂಲಕ ಅಕ್ಷರ ಕಾಣುವುದಿಲ್ಲ. ಮೊದಲನೆಯದು ನೋಡನೋಡುತ್ತಲೇ ತಿಳಿಯಾಗುತ್ತದೆ. ಚೆಂದದ ಕೆಂಪು, ಆಚೆ ಕಡೆಯ ಅಕ್ಷರ ಸ್ಪಷ್ಟ. ಹುಡುಗರು ಅದನ್ನೇ ಚೆನ್ನಾಗಿರುವ ಟ್ಯೂಬ್ ಅಂದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ಒಂದು ರಕ್ತಕಣವೂ ಉಳಿದಿಲ್ಲ. ನೀರು ಒಳಗೆ ನುಗ್ಗಿ ಎಲ್ಲ ಕಣಗಳೂ ಊದಿ ಒಡೆದುಹೋಗಿವೆ. ಬೆಳಕನ್ನು ತಡೆಯುವ ಕಣಗಳೇ ಇಲ್ಲದ ಮೇಲೆ ಮಬ್ಬು ಎಲ್ಲಿಂದ ಬರಬೇಕು? 10% ಉಪ್ಪಿನದನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕಣಗಳು ನೀರು ಕಳೆದುಕೊಂಡು ಸುಕ್ಕಾಗಿ, ಅಂಚೆಲ್ಲ ಮುಳ್ಳುಮುಳ್ಳಾಗಿ ಕಾಣುತ್ತವೆ.

ಆ ತಾಯಿ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಹಾಗಾದರೆ ಯಾರಾದರೂ ಡ್ರಿಪ್‌ಗೆ ಬರೀ ನೀರು ಹಾಕಿದರೆ ರಕ್ತನಾಳದೊಳಗೂ ಹೀಗೇ ಆಗುತ್ತಾ?" ಆಗುತ್ತದೆ. ಅದಕ್ಕೇ ಇಂಜೆಕ್ಷನ್ ಪುಡಿ ಕಲಸಲು ಇಡುವ ಸ್ಟೆರೈಲ್ ವಾಟರನ್ನು ಹಾಗೇ ರಕ್ತನಾಳಕ್ಕೆ ಬಿಡಬಾರದು. ಅದಕ್ಕೇ ನಾರ್ಮಲ್ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ಆ 9 ಗ್ರಾಂ ನಿನ್ನ ಪುಸ್ತಕದಲ್ಲೂ ಇದೆ, ನೀನು ಅದನ್ನು ಉರು ಹೊಡೆದಿರುತ್ತೀಯ. ಈ ಟ್ಯೂಬ್ ನೋಡಿದವರು ಮಾತ್ರ ಸಾಯುವ ತನಕ ಮರೆಯುವುದಿಲ್ಲ.

ನಾನು ನಿನಗೆ ಹೇಳಬೇಕಾಗಿರುವುದು ಇಷ್ಟೇ, ಪುಟ್ಟಿ. ಯಾವ ಪಾಠ ತೆಗೆದರೂ ಮೊದಲು ಉಪ್ಪು ಎಲ್ಲಿಗೆ ಹೋಯಿತು ಅಂತ ಕೇಳು. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ನೀರು ಬಿಟ್ಟುಕೊಂಡಿರುತ್ತದಲ್ಲ, ಅದೂ ಇದೇ ನಿಯಮ. ಮೊದಲ ವರ್ಷದ ಫಿಸಿಯಾಲಜಿಯ ದೊಡ್ಡ ಪಾಲು ಈ ಒಂದು ಪ್ರಶ್ನೆಯಿಂದ ಬಿಚ್ಚಿಕೊಳ್ಳುತ್ತದೆ. ಹೆಸರುಗಳನ್ನು ಆಮೇಲೆ ಅದಕ್ಕೆ ತಗುಲಿಸಬಹುದು.

ವಾರ್ಡಿಗೆ ಹೋದಾಗ ಆರ್‌ಎಲ್ ಬಾಟಲ್ ನೋಡಿರುತ್ತೀಯ. ರಿಂಗರ್ ಲ್ಯಾಕ್ಟೇಟ್, ಡ್ರಿಪ್‌ಗೆ ಹಾಕುವ ಇನ್ನೊಂದು ಉಪ್ಪುನೀರು. ಆ ರಿಂಗರ್ ಯಾರು ಅಂತ ಯಾರೂ ಹೇಳಿರುವುದಿಲ್ಲ. 1880ರ ದಶಕದಲ್ಲಿ ಲಂಡನ್ನಿನಲ್ಲಿದ್ದ ಡಾಕ್ಟರ್ ಸಿಡ್ನಿ ರಿಂಗರ್. ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟು, ಅದು ಎಷ್ಟು ಹೊತ್ತು ಬಡಿಯುತ್ತದೆ ಅಂತ ನೋಡುತ್ತಿದ್ದರು. ಒಂದು ಸಲ ಬಹಳ ಹೊತ್ತು ಬಡಿಯಿತು. ವಿಚಾರಿಸಿದರೆ, ಆ ಉಪ್ಪುನೀರನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿರಲಿಲ್ಲ, ಲಂಡನ್ನಿನ ನಲ್ಲಿ ನೀರಿನಲ್ಲಿ ಕಲಸಿದ್ದರು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ಹೃದಯದ ಸ್ನಾಯು ಹಿಂಡಿಕೊಳ್ಳಬೇಕಾದರೆ ಕ್ಯಾಲ್ಸಿಯಂ ಬೇಕೇ ಬೇಕು ಅಂತ ಗೊತ್ತಾದದ್ದು ಹಾಗೆ. ಮುಂದೆ 1930ರ ದಶಕದಲ್ಲಿ ಅಲೆಕ್ಸಿಸ್ ಹಾರ್ಟ್‌ಮನ್ ಅನ್ನುವ ಅಮೆರಿಕದ ಮಕ್ಕಳ ಡಾಕ್ಟರು ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಇಷ್ಟು ಗೊತ್ತಿದ್ದರೆ ಆರ್‌ಎಲ್‌ನಲ್ಲಿ ಏನೇನಿದೆ ಅಂತ ಪರೀಕ್ಷೆಯಲ್ಲಿ ಕೇಳಿದಾಗ ಪರದಾಡಬೇಕಾಗಿಲ್ಲ.

ಈಗ ಅಮ್ಮನ ವಿಷಯ. ಅಮ್ಮ, ಆಶಾ ಕೆಲಸಕ್ಕೆ ಸೇರಿದಾಗಿನಿಂದ ನಿನ್ನ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇಲ್ಲದ ದಿನ ನಾನು ನೋಡಿಲ್ಲ. ವಾಂತಿ-ಭೇದಿ ಆದ ಮಗುವಿನ ಮನೆಗೆ ಹೋಗಿ, ಒಂದು ಲೀಟರ್ ಅಳೆದು, ಪೂರ್ತಿ ಪೊಟ್ಟಣ ಸುರಿದು ಕಲಸಿ ತೋರಿಸುತ್ತೀಯ. ಜೊತೆಗೆ ಹದಿನಾಲ್ಕು ದಿನದ ಜಿಂಕ್ ಮಾತ್ರೆ. ಉಪ್ಪು ಸರಿ, ಸಕ್ಕರೆ ಯಾಕೆ ಅಂತ ನೀನೇ ಒಂದು ಸಲ ಕೇಳಿದ್ದೆ. ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಈಗ ಕೇಳು.

ಸಣ್ಣ ಕರುಳಿನ ಜೀವಕೋಶದ ಪೊರೆಯಲ್ಲಿ ಒಂದು ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಪೊಟ್ಟಣದ ಸಕ್ಕರೆಯಾದ ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಗೆ ಬಿಡುತ್ತದೆ. ರಾಬರ್ಟ್ ಕ್ರೇನ್ ಅನ್ನುವ ವಿಜ್ಞಾನಿ 1960ರಲ್ಲಿ ಇದನ್ನು ಮೊದಲು ಹೇಳಿದರು. ಕಾಲರಾ ಬಂದಾಗ ಅದರ ವಿಷ ಕರುಳಿನಿಂದ ಉಪ್ಪನ್ನು ಹೊರಗೆ ಸುರಿಸುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಜೋರಾಗಿದ್ದರೆ ಗಂಟೆಗೆ ಒಂದು ಲೀಟರ್ ತನಕ ಹೋಗಬಹುದು. ಆದರೆ ಈ ಜೋಡಿ ಬಾಗಿಲು ಮಾತ್ರ ಕೆಟ್ಟಿರುವುದಿಲ್ಲ. ಸಕ್ಕರೆ ಕೊಟ್ಟರೆ ಅದರ ಜೊತೆ ಉಪ್ಪು ಒಳಗೆ ಬರುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ನೀನು ಕಲಸುವ ಸಕ್ಕರೆ ರುಚಿಗೆ ಅಲ್ಲ ಅಮ್ಮ, ಶಕ್ತಿಗೆ ಅಂತಲೂ ಅಲ್ಲ. ಉಪ್ಪನ್ನು ಒಳಗೆ ಕರೆತರುವುದಕ್ಕೆ.

ಹಾಗಂತ ಸಿಹಿ ಜಾಸ್ತಿಯಾದರೆ ಕೆಡುತ್ತದೆ. ಕರುಳಿನೊಳಗೆ ಸಕ್ಕರೆ ವಿಪರೀತವಾದರೆ ಅದೇ ನೀರನ್ನು ಎಳೆದುಕೊಂಡು ಭೇದಿ ಹೆಚ್ಚಾಗುತ್ತದೆ. ಅಂಗಡಿಯ ಸಿಹಿ ಜ್ಯೂಸ್ ಕುಡಿಸಿದ್ದೇವೆ ಅನ್ನುವ ಮನೆಯವರಿಗೆ ನೀನು ಇದನ್ನೇ ಹೇಳಬಹುದು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಎರಡನ್ನೂ ಇಳಿಸಿತು. ಈಗಿನ ಅಳತೆ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಪೊಟ್ಟಣದ ಹಿಂದೆ ಅಚ್ಚಾಗಿರುತ್ತದೆ, ತಿರುಗಿಸಿ ನೋಡು. ಅರ್ಧ ಪೊಟ್ಟಣ ಇವತ್ತು, ಅರ್ಧ ನಾಳೆ ಅಂತ ಅಂದಾಜಿನಲ್ಲಿ ಕಲಸಬೇಡಿ ಅಂತ ನೀನು ಯಾಕೆ ಅಷ್ಟು ಬೈಯುತ್ತಿದ್ದೆ ಅಂತ ಈಗ ನನಗೆ ಅರ್ಥವಾಗುತ್ತದೆ.

ಡಾಕ್ಟರ್ ದಿಲೀಪ್ ಮಹಲನಬಿಸ್ ಅವರ ವಿಷಯ ಪುಟ್ಟಿಯ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂತ ನನ್ನ ಆಸೆ. 1971, ಬಾಂಗ್ಲಾ ಯುದ್ಧದ ವರ್ಷ. ಗಡಿಯ ಹತ್ತಿರ, ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ನೆಲದ ಮೇಲೆಲ್ಲ ರೋಗಿಗಳು, ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಈ ಡಾಕ್ಟರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಅಳೆದು ಪೊಟ್ಟಣ ಕಟ್ಟಿಸಿದರು. ಡ್ರಮ್ಮಿನಲ್ಲಿ ನೀರಿಗೆ ಬೆರೆಸಿಟ್ಟರು. ಕುಡಿಸಿದವರು ಯಾರು ಗೊತ್ತಾ? ರೋಗಿಗಳ ಮನೆಯವರು. ಅಮ್ಮ, ಅಕ್ಕ, ಅಣ್ಣ, ಯಾರು ಪಕ್ಕದಲ್ಲಿದ್ದರೋ ಅವರು ಲೋಟದಲ್ಲಿ ಕುಡಿಸಿದರು. ಸಾವು ನೂರಕ್ಕೆ ಮೂವತ್ತರ ಹತ್ತಿರ ಇದ್ದದ್ದು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ, ಇದು ಬಹುಶಃ ಈ ಶತಮಾನದ ವೈದ್ಯಕೀಯದ ಅತಿ ಮುಖ್ಯ ಮುನ್ನಡೆ ಅಂತ ಬರೆಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಇದನ್ನು ಲ್ಯಾಬಿನಲ್ಲಿ ಹೇಳಿದಾಗ, ನನ್ನ ಅಮ್ಮ ಊರಲ್ಲಿ ಇದೇ ಕೆಲಸ ಮಾಡುತ್ತಾಳೆ ಅಂತ ಎಲ್ಲರ ಮುಂದೆ ಹೇಳಿದೆ. ತುಂಬಾ ಹೆಮ್ಮೆಯಿಂದ ಹೇಳಿದೆ.

ಅನಾಟಮಿ ಹೆಸರುಗಳಿಗೆ ಬರುತ್ತೇನೆ. ಇಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೇಜಿನ ಮೇಲೆ ಸಾಲಾಗಿ ಮಾದರಿಗಳಿರುತ್ತವೆ, ಒಂದೊಂದಕ್ಕೂ ನಂಬರ್ ಹಾಕಿದ ಪಿನ್ ಚುಚ್ಚಿರುತ್ತದೆ. ಒಂದು ಕಡೆ ಒಂದೆರಡು ನಿಮಿಷ, ಆಮೇಲೆ ಮುಂದಕ್ಕೆ ಹೋಗಬೇಕು. ಹೆಸರನ್ನಷ್ಟೇ ಉರು ಹೊಡೆದವರು ಪಿನ್ ಸ್ವಲ್ಪ ಆಚೀಚೆ ಇದ್ದರೆ ಸಿಕ್ಕಿಬೀಳುತ್ತಾರೆ. ಕುರಿಯ ಹೃದಯ ಕೊಯ್ಯುವಾಗ ನಾನು ಮೊದಲು ಹೆಸರು ಹೇಳುವುದೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಡಗಡೆ ಗೋಡೆ ಹಿಡಿದು ನೋಡಿ, ಆಮೇಲೆ ಬಲಗಡೆಯದು ಹಿಡಿದು ನೋಡಿ ಅನ್ನುತ್ತೇನೆ. ಎಡಗಡೆಯದು ದಪ್ಪ, ಗಟ್ಟಿ. ಯಾಕೆ? ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ರಕ್ತ ನೂಕಿದರೆ ಸಾಕು. ಮನುಷ್ಯರಲ್ಲಿ ಅದಕ್ಕೆ ಬಿಪಿ ಅಳೆಯುವ ಲೆಕ್ಕದಲ್ಲಿ 25ರಷ್ಟು ಒತ್ತಡ ಸಾಕಾಗುತ್ತದೆ. ಎಡಗಡೆಯದು ಕಾಲಿನ ತುದಿಯ ತನಕ ಕಳಿಸಬೇಕು, ಅದಕ್ಕೆ 120 ಬೇಕು. ಒಳಗೆ ಕವಾಟದಿಂದ ಗೋಡೆಗೆ ಬಿಗಿದ ಬಿಳಿ ದಾರಗಳಿವೆ. ಚಿಮಟದಿಂದ ಎಳೆದರೂ ಸುಲಭಕ್ಕೆ ಹರಿಯುವುದಿಲ್ಲ. ರಕ್ತ ಹಿಂದಕ್ಕೆ ಒತ್ತಿದಾಗ ಕವಾಟ ಮಗುಚಿಕೊಳ್ಳದ ಹಾಗೆ ಹಿಡಿದಿಡುವುದು ಅವೇ. ಎಳೆದು ನೋಡಿದ ಮೇಲೆ ಕಾರ್ಡೇ ಟೆಂಡಿನೇ ಅನ್ನುವ ಹೆಸರು ಕಷ್ಟ ಅನ್ನಿಸುವುದಿಲ್ಲ. ನಿಮ್ಮ ಕಾಲೇಜಿನಲ್ಲೂ ಮಾದರಿಗಳಿವೆ. ಗಾಜಿನ ಆಚೆಯಿಂದ ನೋಡಿ ಸುಮ್ನೆ ಬರಬೇಡ, ಕೈಗೆ ತೆಗೆದುಕೊಡಿ ಅಂತ ಕೇಳು.

ಕಿಡ್ನಿ ಪಾಠ ಎಲ್ಲರಿಗೂ ಭಯ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತದೆ. ಉಳಿದದ್ದನ್ನು ಹೇಗೆ ವಾಪಸ್ ತೆಗೆದುಕೊಳ್ಳುತ್ತದೆ? ಉಪ್ಪನ್ನು ಎಳೆದುಕೊಂಡು, ಅದರ ಹಿಂದೆ ನೀರನ್ನು. ಪುಸ್ತಕದಲ್ಲಿರುವ ಕಿಡ್ನಿಯ ಚಿತ್ರವನ್ನು ದೊಡ್ಡದಾಗಿ ಬರೆದು, ಒಂದೊಂದು ಭಾಗದಲ್ಲೂ ಉಪ್ಪಿನ ಬಾಣ ಒಂದು ಬಣ್ಣದಲ್ಲಿ, ನೀರಿನ ಬಾಣ ಇನ್ನೊಂದು ಬಣ್ಣದಲ್ಲಿ ಹಾಕು. ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೋ. ಅರ್ಥ ಆಗುವುದು ಯಾವ ಭಾಷೆಯಲ್ಲಾದರೂ ಆಗಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ವಿಷಯ ಅಷ್ಟೇ.

ಅಪ್ಪ, ನಿಮಗೂ ಇದೇ ಲೆಕ್ಕ. ಉಪ್ಪು ಜಾಸ್ತಿ ತಿಂದರೆ ಮೈ ನೀರು ಹಿಡಿದುಕೊಳ್ಳುತ್ತದೆ, ರಕ್ತದ ಪ್ರಮಾಣ ಏರುತ್ತದೆ, ಬಿಪಿ ಏರುತ್ತದೆ. ನಿಮ್ಮ ಎರಡು ಮಾತ್ರೆಗಳಲ್ಲಿ ಒಂದು, ಕಿಡ್ನಿಯಿಂದ ಉಪ್ಪನ್ನು ಹೊರಗೆ ಹಾಕಿಸುವಂಥದ್ದು. ಅದಕ್ಕೇ ಅದು ತೆಗೆದುಕೊಂಡ ಮೇಲೆ ಮೂತ್ರಕ್ಕೆ ಹೋಗುವುದು ಹೆಚ್ಚು. ಅದರ ಜೊತೆಗೆ ಎರಡು ಹೊತ್ತೂ ಉಪ್ಪಿನಕಾಯಿ, ಸಂಡಿಗೆ ಆದರೆ ಮಾತ್ರೆ ಏನು ಮಾಡಬೇಕು ಹೇಳಿ. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಯವಿಟ್ಟು ಮಾತ್ರೆ ಬಿಡಬೇಡಿ. ಕಾಲು ಊದಿದ ಹಾಗೆ ಅನ್ನಿಸಿದರೆ ಮೊಣಕಾಲ ಕೆಳಗೆ ಮೂಳೆಯ ಮೇಲೆ ಬೆರಳಿನಿಂದ ಒತ್ತಿ ನೋಡಿ. ಗುಳಿ ಹಾಗೇ ಉಳಿದರೆ ಅಮ್ಮನಿಗೆ ತೋರಿಸಿ, ಡಾಕ್ಟರ ಹತ್ತಿರ ಹೋಗಿ.

ಪುಟ್ಟಿ, ಇಲ್ಲೇ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದವರ ಓಪನ್‌ಸ್ಟಾಕ್ಸ್‌ನಲ್ಲಿ ಅನಾಟಮಿ-ಫಿಸಿಯಾಲಜಿ ಪುಸ್ತಕ ಪೂರ್ತಿ ಉಚಿತ. ಇಂಗ್ಲಿಷ್ ಸರಳವಾಗಿದೆ, ಚಿತ್ರಗಳು ಚೆನ್ನಾಗಿವೆ. ಪಿಡಿಎಫ್ ವಾಟ್ಸಾಪಿಗೆ ಹಾಕಿದ್ದೇನೆ. ಮೊದಲು ಜೀವಕೋಶದ ಪೊರೆಯ ಪಾಠ ಓದು, ಆಮೇಲೆ ನೇರ ರಕ್ತ ಮತ್ತು ಕಿಡ್ನಿಗೆ ಹೋಗು. ನಡುವಿನದ್ದು ಸಿಲೆಬಸ್ ನೋಡಿಕೊಂಡು ಓದಿದರೆ ಸಾಕು. ಕ್ಲಾಸಿನಲ್ಲಿ ಕೇಳಲು ಆಗದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನ ಕೊನೆಯಲ್ಲಿ ಬರೆದಿಡು. ಭಾನುವಾರ ನಿಮಗೆ ಸಂಜೆ ಏಳಕ್ಕೆ ನನಗೆ ಬೆಳಿಗ್ಗೆ. ಆ ಹೊತ್ತು ನಿನಗೇ ಇಟ್ಟಿದ್ದೇನೆ, ಒಂದೊಂದೇ ಬಿಡಿಸೋಣ. ಇಂಟರ್ನಲ್ಸ್ ಯಾವಾಗ ಅಂತ ಮೆಸೇಜ್ ಮಾಡು, ಅದಕ್ಕೆ ಮುಂಚೆ ಕಿಡ್ನಿ ಮುಗಿಸಬೇಕು.

ಅಮ್ಮ, ಯುಗಾದಿಗೆ ಪುಟ್ಟಿ ಬಂದಾಗ ಅವಳ ಕೈಲಿ ಒಂದು ಬಿಪಿ ನೋಡಿಸಿ. ಅವಳಿಗೂ ಅಭ್ಯಾಸ ಆಗುತ್ತದೆ. ಬಂದ ನಂಬರನ್ನು ನನಗೆ ಕಳಿಸಿ.

ಇಬ್ಬರಿಗೂ ನಮಸ್ಕಾರಗಳು. ಪುಟ್ಟಿಗೆ ಪ್ರೀತಿ.

ಇಂತಿ,
ನಿಮ್ಮ ಮಗಳು